ಅವನ ಎಡ, ಇವನ ಬಲ

ಮತ್ತೆ ಗದ್ದೆಗೆ ಬಿತ್ತು ಚೆಂಡು, ಬೇಲಿಯ ಆಚೆ, ನೆಟ್ಟು ಎರಡು ವಾರವೂ ಆಗದ ಭತ್ತದ ನೇಜಿಯ ನಡುವೆ, ಪಚಕ್ ಅಂತ ಸದ್ದು ಇಲ್ಲಿಯವರೆಗೂ ಕೇಳಿತು, ಗದ್ದೆಯ ಯಜಮಾನ ಕೊಡೆ ಹಿಡಿದುಕೊಂಡೇ ಓಡಿ ಬರುತ್ತಿದ್ದಾನೆ, ಹ್ವಾಯ್, ಯಾರೂ ಇಳಿಬೇಡಿ, ನೇಜಿ ಮೆಟ್ಬೇಡಿ, ನಾನೇ ತೆಗ್ದ್ ಕೊಡ್ತೆ — ಕೊಡು ಮಾರಾಯ, ಬೇಗ ಕೊಡು, ಹೊತ್ತು ಹೋಗುತ್ತಿದೆ, ಆದರೆ ಹೊತ್ತು ಹೋಗುವುದೇ ಬ್ರಹ್ಮಾವರದವರಿಗೆ ಬೇಕಾಗಿರುವುದು, ಒಂದು ಗೋಲು ಮುಂದಿದ್ದಾರೆ, ಬೇಕೆಂದೇ ಗದ್ದೆಗೆ ಅಟ್ಟುತ್ತಿದ್ದಾರೆ, ಬೆಂಚಿನ ಮೇಲೆ ಕುಳಿತ ಜಿತೇಂದ್ರನಿಗೆ ಅದು ಗೊತ್ತು, ತಾನು ಆ ಕಡೆ ಆಡುತ್ತಿದ್ದರೂ ಅದನ್ನೇ ಮಾಡುತ್ತಿದ್ದ. ಬ್ರಹ್ಮಾವರದ ಸೀತಾನದಿ ಸ್ಪೋರ್ಟ್ಸ್ ಒಂದು, ನಮ್ಮ ಅಳಿವೆ ಬ್ರದರ್ಸ್ ಸೊನ್ನೆ, ಅರವತ್ತೊಂದನೇ ನಿಮಿಷ, ಲೀಗಿನ ಕೊನೆಯ ಪಂದ್ಯ, ಸಮ ಮಾಡಿಕೊಂಡರೂ ಸಾಕು ಎರಡನೇ ಡಿವಿಜನ್ನಿನಲ್ಲಿ ಉಳಿಯುತ್ತೇವೆ, ಸೋತರೆ ಮೂರನೆಯದಕ್ಕೆ ಇಳಿದೆವು, ಇಳಿದ ಮೇಲೆ ಕುಂದಾಪುರದಲ್ಲಿ ಯಾರು ಕೇಳುತ್ತಾರೆ ನಮ್ಮನ್ನು, ಯಾರು ಗ್ರೌಂಡಿಗೆ ಬರುತ್ತಾರೆ — ಬೆನ್ನಿನ ಮೇಲೆ ಒಂಬತ್ತನೇ ನಂಬರು ಒದ್ದೆಯಾಗಿ ಅಂಟಿಕೊಂಡಿದೆ, ಇಪ್ಪತ್ತೊಂಬತ್ತು ವರ್ಷದ ಸ್ಟ್ರೈಕರ್ ಬೆಂಚಿನ ಮೇಲೆ ಕೂತಿದ್ದಾನೆ, ಮೈದಾನದಲ್ಲಿ ಇಪ್ಪತ್ತರ ಕೀರ್ತನ್ ಓಡುತ್ತಿದ್ದಾನೆ, ಕೋಟದ ಹುಡುಗ, ಈ ವರ್ಷ ಆರು ಗೋಲು ಹೊಡೆದವನು, ಎಷ್ಟು ಓಡುತ್ತಾನೆ ಅಂದರೆ ನೋಡಿದರೆ ಮಂಡಿ ನೋಯುತ್ತದೆ, ತನ್ನ ಮಂಡಿ. ಮೂರು ವರ್ಷದ ಹಿಂದೆ ಒಂಬತ್ತು ಪಂದ್ಯಕ್ಕೆ ಹದಿನಾಲ್ಕು ಗೋಲು. ಮಳೆಗಾಲಕ್ಕೆ ಬೋಟುಗಳು ದಡ ಹತ್ತಿ ಕೂರುವ ಎರಡು ತಿಂಗಳಲ್ಲೇ ಲೀಗು ಮುಗಿಯಬೇಕು, ಟೀಮಿನಲ್ಲಿ ಅರ್ಧ ಜನ ಗಂಗೊಳ್ಳಿಯ ಬೋಟಿಗೆ ಹೋಗುವವರೇ, ತಾನೂ ಅವರಲ್ಲಿ ಒಬ್ಬ, ಆ ಎರಡು ತಿಂಗಳು ಮಾತ್ರ ತಾನು ಬೀಜಾಡಿಯ ಬಚ್ಚನ ಮಗ ಅಲ್ಲ, ಬಲೆ ಎಳೆಯುವ ಹದಿನೆಂಟು ಜನರಲ್ಲಿ ಒಬ್ಬ ಅಲ್ಲ, ಜಿತ್ತು, ಅಳಿವೆಯ ಜಿತ್ತು. ಹೆತ್ತ ಅಬ್ಬಿ ಕೋಟದ ಮಾರ್ಕೆಟ್ಟಿನಲ್ಲಿ ಒಣಮೀನಿನ ಬುಟ್ಟಿ ಇಳಿಸುವಷ್ಟರಲ್ಲಿ ಗಿರಾಕಿಗಳು ಸುತ್ತ ನಿಲ್ಲುತ್ತಿದ್ದರಂತೆ, ವನಜಕ್ಕ, ನಿನ್ ಮಾಣಿ ನಿನ್ನೆ ಎಷ್ಟ್ ಹೊಡ್ದ, ಅವಳು ಬೆರಳಲ್ಲಿ ತೋರಿಸುತ್ತಿದ್ದಳಂತೆ, ಎರಡು, ಒಂದು ಸಲ ಮೂರು, ಮೂರು ತೋರಿಸಿದ ದಿನ ಒಂದು ಹಿಡಿ ಸಿಗಡಿ ಹೆಚ್ಚಿಗೆ ಹಾಕಿ ಕೊಟ್ಟಳಂತೆ ಎಲ್ಲರಿಗೂ. ಆಮೇಲೆ ಗೋವಾದ ಕ್ಲಬ್ಬೊಂದರಿಂದ ಕರೆ, ಇಪ್ಪತ್ತೊಂದು ದಿನದ ಟ್ರಯಲ್, ಬೆಳಿಗ್ಗೆ ಸಂಜೆ ಓಟ, ಕೊನೆಯ ದಿನ ಒಬ್ಬ ದಪ್ಪ ಮೀಸೆಯವನು ಬೆನ್ನು ತಟ್ಟಿ, ಪಾಂವ್ ಅಚ್ಛಾ ಹೈ, ಉಮರ್ ಜ್ಯಾದಾ ಹೈ, ಕಾಲು ಒಳ್ಳೆಯದು, ವಯಸ್ಸು ಹೆಚ್ಚಾಯಿತು, ರೈಲಿನಲ್ಲಿ ಬರುವಾಗ ಬೈಂದೂರು ಸ್ಟೇಷನ್ನಿನಲ್ಲೇ ಇಳಿದುಬಿಟ್ಟಿದ್ದ, ಕುಂದಾಪುರದಲ್ಲಿ ಇಳಿದರೆ ಗುರುತಿನವರು ಸಿಗುತ್ತಾರೆ ಅಂತ. ಅದೇ ಬೈಂದೂರಿನ ಗ್ರೌಂಡಿನಲ್ಲಿ ಮುಂದಿನ ವರ್ಷ ಮಂಡಿ ಹೋಯಿತು, ಎರಡನೇ ಪಂದ್ಯ, ಯಾರೂ ಮುಟ್ಟಲಿಲ್ಲ, ತಿರುಗಿದ ಅಷ್ಟೇ, ಒಳಗೆ ಯಾರೋ ಹಸಿ ಕಡ್ಡಿ ಮುರಿದ ಹಾಗೆ. ಒಂದು ಲೀಗು ಪೂರ್ತಿ ಹಾಸಿಗೆಯಲ್ಲಿ. ಈ ವರ್ಷ ಎಂಟು ಪಂದ್ಯ, ಒಂದೂ ಗೋಲಿಲ್ಲ, ಒಂದೇ ಒಂದು ಪೆನಾಲ್ಟಿ ಸಿಕ್ಕಿತ್ತು, ಅದೂ ಬೈಂದೂರಿನವರ ಮೇಲೆಯೇ, ಚೆಂಡು ಗೋಲಿನ ಮೇಲಿಂದ ಹಾರಿ ತೆಂಗಿನ ಮರಕ್ಕೆ ಬಡಿದು ಜನ ಬಿದ್ದು ಬಿದ್ದು ನಕ್ಕರು, ಈಗ ಮಾರ್ಕೆಟ್ಟಿನಲ್ಲಿ ಅಬ್ಬಿಗೆ ಕೇಳುವುದು ಬೇರೆಯೇ, ವನಜಕ್ಕ, ಮಾಣಿ ಆಡುದ್ ಬಿಟ್ನಾ?

ಆಚೆ ತುದಿಯ ಗೋಲಿನಲ್ಲಿ ಸುಧೀರ ನಿಂತಿದ್ದಾನೆ, ಕಿತ್ತಳೆ ಬಣ್ಣದ ಜೆರ್ಸಿ, ಬಲಗೈಯಲ್ಲಿ ಕೂದಲಿನ ನೀರು ಒರೆಸಿಕೊಳ್ಳುತ್ತಾನೆ, ಬಲಗೈಯಲ್ಲಿ ಡಿಫೆಂಡರುಗಳಿಗೆ ಸನ್ನೆ ಮಾಡುತ್ತಾನೆ, ಎಲ್ಲವೂ ಬಲಗೈ, ಇಷ್ಟು ಜನ ನೋಡುತ್ತಿದ್ದಾರೆ, ಒಬ್ಬರಿಗೂ ಕಾಣುವುದಿಲ್ಲವಲ್ಲ. ಸುಧೀರ ಅಂದರೆ ಬೀಜಾಡಿಯವನೇ, ಮೂರು ಮನೆ ಆಚೆ, ತನಗಿಂತ ಮೂರು ವರ್ಷ ದೊಡ್ಡವನು, ಆರು ವರ್ಷ ಅಳಿವೆ ಬ್ರದರ್ಸಿನ ಗೋಲು ಕಾದವನು, ಹೋದ ವರ್ಷ ಇವರು ಕರೆದರು ಅಂತ ಬ್ರಹ್ಮಾವರಕ್ಕೆ ಬಂದ, ಬರುವ ಮುಂಚೆ ತನ್ನ ಹಾಸಿಗೆಯ ಹತ್ತಿರ ಕೂತು ಕೇಳಿದ್ದ, ಹೋಪುದಾ ಬೇಡ್ದಾ ಜಿತ್ತು, ನೀನ್ ಹೇಳ್, ತಾನೇ ಹೋಗು ಅಂದಿದ್ದ. ಬೈಂದೂರಿನಲ್ಲಿ ಮಂಡಿ ಹೋದ ದಿನ ಸ್ಟ್ರೆಚರ್ ಇರಲಿಲ್ಲ, ಆ ತುದಿಯಿಂದ ಈ ತುದಿಗೆ ಗೋಲು ಬಿಟ್ಟು ಓಡಿ ಬಂದು ಬೆನ್ನಿಗೆ ಹಾಕಿಕೊಂಡವನು ಸುಧೀರ, ರೆಫ್ರಿ ಸೀಟಿ ಊದುತ್ತಲೇ ಇದ್ದ, ಊದ್ಲಿ ಬಿಡಾ, ನೀ ಕುತ್ಗಿ ಗಟ್ಟಿ ಹಿಡ್ಕ. ಆಮೇಲೆ ದಿನಾ ಸಂಜೆ ಬೀಜಾಡಿಯ ಕಡಲಿನಲ್ಲಿ ಮೊಣಕಾಲುದ್ದ ನೀರಲ್ಲಿ ನಡೆಸಿದ್ದು ಅವನೇ, ನೂರು ಹೆಜ್ಜೆ, ಇನ್ನೂರು, ಅಳು ಬಂದರೆ ಅಳು, ಕಡ್ಲಿಗೆ ಉಪ್ಪ್ ಹೊಸ್ತಲ್ಲ, ಕಾಲು ಸರಿಯಾದ ಮೇಲೆ ಮರಳಲ್ಲಿ ಎರಡು ಹುಟ್ಟು ನೆಟ್ಟು ನಡುವೆ ನಿಂತು, ಹೊಡಿ, ಇನ್ನೊಂದ್ ಹೊಡಿ, ಎಷ್ಟು ಸಾವಿರ ಹೊಡೆದೆನೋ, ಯಾವಾಗಲೂ ನನ್ನ ಎಡಗಡೆಗೆ, ಅಂದರೆ ಅವನ ಬಲಗಡೆಗೆ, ಅದು ತನ್ನ ಕಾಲಿಗೆ ಒಗ್ಗಿದ ಬದಿ, ಆ ಬದಿಗೆ ಹೊಡೆದದ್ದರಲ್ಲಿ ಅರ್ಧಕ್ಕರ್ಧ ಅವನು ಹಿಡಿಯುತ್ತಿದ್ದ, ಹಿಡಿದು ನಗುತ್ತಿದ್ದ. ಹದಿನೈದು ದಿನದ ಹಿಂದೆ ದೋಣಿಯನ್ನು ಮೇಲೆ ಎಳೆಯುವಾಗ ಅಲೆ ಬಂದು ದೋಣಿ ತಿರುಗಿತು, ಸುಧೀರನ ಎಡಭುಜ ಗೂಡು ಬಿಟ್ಟಿತು, ಬೇರೆ ಯಾರೂ ಇರಲಿಲ್ಲ, ತಾನೇ ಬೈಕಿನಲ್ಲಿ ಕೂರಿಸಿಕೊಂಡು ಎಲುಬು ಕೂರಿಸುವ ಮುತ್ತಜ್ಜನ ಹತ್ತಿರ ಕರೆದುಕೊಂಡು ಹೋದ, ಮುದುಕ ಕಾಲು ಕೊಟ್ಟು ಎಳೆದು ಕೂರಿಸಿದ, ಎಣ್ಣೆ ಹಚ್ಚುತ್ತ ಹೇಳಿದ, ಎರಡ್ ತಿಂಗ್ಳ್ ಈ ಕೈ ಭುಜದಿಂದ ಮೇಲೆ ಹೋಪುಕಾಗ, ಮತ್ತೊಂದ್ ಸರ್ತಿ ತಪ್ರೆ ನನ್ ಹತ್ರ ಬರ್ಬೇಡ, ಆಸ್ಪತ್ರಿಗೆ ಹೋಯ್ಕ್. ವಾಪಸು ಬರುವಾಗ ಬೈಕಿನ ಹಿಂದಿನಿಂದ, ಕಿವಿಯ ಹತ್ತಿರವೇ, ಯಾರ್ ಹತ್ರಾನೂ ಹೇಳ್ಬೇಡ ಜಿತ್ತು, ಗೊತ್ತಾದ್ರೆ ಕೂರ್ಸಿ ಬಿಡ್ತ್ರ್, ಕೊನೆ ಮ್ಯಾಚಿಗೆ ಜಿಲ್ಲಾ ಟೀಮಿನವ್ರ್ ಕಾಂಬುಕೆ ಬತ್ರಂಬ್ರ್, ನಂಗೆ ಮೂವತ್ತೆರಡ್ ಆಯ್ತ್, ಇನ್ ಯಾವಾಗ? ಹೇಳುದಿಲ್ಲೆ ಅಂದಿದ್ದ. ಅವರು ಬಂದಿದ್ದಾರೆ ಈಗ, ಜಿಲ್ಲಾ ತಂಡ ಆರಿಸುವ ಇಬ್ಬರು, ಶಾಮಿಯಾನದ ಕೆಳಗೆ, ಒಬ್ಬರ ತೊಡೆಯ ಮೇಲೆ ಪುಸ್ತಕ, ಅವರು ಬರೆದುಕೊಳ್ಳುತ್ತಿರುವುದು ಸುಧೀರನ ಹೆಸರೇ ಇರಬೇಕು, ಮೊದಲರ್ಧದಲ್ಲಿ ನಾಲ್ಕು ಒಳ್ಳೆಯ ಚೆಂಡು ಹಿಡಿದ, ನಾಲ್ಕೂ ಸೊಂಟದ ಕೆಳಗಿನವು, ನಾಲ್ಕೂ ಬಲಕ್ಕೆ. ಅರ್ಧ ಪಂದ್ಯ ಮುಗಿದಾಗ ಅಣ್ಣಯ್ಯ ಶೆಟ್ಟರು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು, ಕೋಚ್ ಅನ್ನುವುದಕ್ಕೆ ಅವರಿಗೆ ಸಂಬಳ ಇಲ್ಲ, ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಅಲ್ಲಿಯ ಆಫೀಸು ಟೀಮುಗಳಲ್ಲಿ ಆಡಿ, ಊರಿಗೆ ಬಂದು ಈ ಕ್ಲಬ್ಬನ್ನು ಎತ್ತಿ ನಿಲ್ಲಿಸಿದವರು, ಮೆಲ್ಲಗೆ ಕೇಳಿದರು, ಜಿತ್ತು, ಆ ಗೋಲಿ ನಿನ್ ದೋಸ್ತಿ ಅಲ್ದಾ, ಅವ್ನ್ ಯಾವ್ ಬದಿ ಕಮ್ಜೋರ್, ಹೇಳ್, ಹುಡ್ಗರಿಗೆ ಹೇಳ್ತೆ — ಅವರ ಕಣ್ಣು ನೋಡಲಾಗಲಿಲ್ಲ, ಬೂಟಿನ ದಾರ ನೋಡುತ್ತ ಹೇಳಿದ, ಎರಡೂ ಬದಿ ಒಳ್ಳೇದೇ ಶೆಟ್ರೆ. ಶೆಟ್ಟರು ಮತ್ತೆ ಕೇಳಿದರು, ಮಾಣಿ, ಸತ್ಯ ಅಲ್ದಾ, ಹೌದು ಶೆಟ್ರೆ. ಬಾಯಿಂದ ಬಂದದ್ದು ಸುಳ್ಳು, ಆದರೆ ಮಾತು ಉಳಿಸಿಕೊಂಡೆನಲ್ಲ, ಬೆನ್ನ ಮೇಲೆ ಹೊತ್ತವನಿಗೆ ಕೊಟ್ಟ ಮಾತು, ಇಲ್ಲಿ ಹನ್ನೊಂದು ಜನ ಮಳೆಯಲ್ಲಿ ಸಾಯುತ್ತಿದ್ದಾರೆ, ನಾನು ಬೆಂಚಿನ ಮೇಲೆ ಕೂತು ಅವರ ಗೋಲನ್ನು ಬಾಯೊಳಗೆ ಇಟ್ಟುಕೊಂಡಿದ್ದೇನೆ —

ಜಿತ್ತೂ, ಬಾ ಇಲ್ಲಿ, ಜೆರ್ಸಿ ಸರಿ ಮಾಡ್ಕ, ಶೆಟ್ಟರ ಧ್ವನಿ, ಎದ್ದ, ಎಪ್ಪತ್ತೆರಡನೇ ನಿಮಿಷ, ಮಧ್ಯದ ರತೀಶನಿಗೆ ಕಾಲು ಹಿಡಿದುಕೊಂಡಿದೆ, ಅವನನ್ನು ಇಳಿಸಿ ತನ್ನನ್ನು ಹತ್ತಿಸುತ್ತಾರೆ, ಅಂದರೆ ಕೀರ್ತನ್ ಜೊತೆ ಎರಡನೇ ಫಾರ್ವರ್ಡ್, ಶೆಟ್ಟರು ಕುತ್ತಿಗೆ ಹಿಡಿದು ಹತ್ತಿರ ಎಳೆದು, ಬಿಸಿ ಉಸಿರು, ಬೀಡಾ ವಾಸನೆ, ಒಂದ್ ಗೋಲ್ ಮಗಾ, ಒಂದೇ, ಇವತ್ತಿಲ್ದಿದ್ರೆ ಮುಂದಿನ್ ವರ್ಷ ನಾನ್ ಎಂತ ಹೇಳಿ ನಿನ್ನ ಹೆಸ್ರ್ ಬರಿಲಿ, ನೀನೇ ಹೇಳ್. ಹೇಳುವುದೇನು, ಓಡಿದ. ನೀರು ನಿಂತ ಹುಲ್ಲು ಕಾಲಿಗೆ ತಣ್ಣಗೆ, ಮೊದಲ ಚೆಂಡು ಕಾಲಿನಡಿಯಿಂದ ಜಾರಿತು, ಜನ ಹೋ ಅಂದರು, ಎರಡನೆಯದು ತಲೆಗೆ ಬಂತು, ಗೋಲಿನ ಎದುರು, ಆರು ಗಜ, ಹದಿನಾಲ್ಕು ಗೋಲಿನ ವರ್ಷವಾದರೆ ಕಣ್ಣು ಮುಚ್ಚಿ ಒಳಗೆ ಹಾಕುತ್ತಿದ್ದ, ಈಗ ಹೆದರಿ ಹಾರುವುದು ಅರ್ಧ ಗಳಿಗೆ ತಡವಾಯಿತು, ಮಂಡಿ ನೆನಪಾಯಿತು, ಚೆಂಡು ಕೂದಲಿಗೆ ತಾಗಿ ಹೊರಗೆ, ಯಾರೋ ಕೂಗಿದರು, ಬೋಟಿಗೆ ಹೋಗಾ, ಗಾಳ ಹಾಕ್, ನಗು, ಸುಧೀರ ನಗಲಿಲ್ಲ, ಹತ್ತಿರ ಬಂದು ಚೆಂಡು ಇಡುತ್ತ ಮೆಲ್ಲಗೆ, ಮಂಡಿ ಹ್ಯಾಂಗಿತ್ತಾ, ಅಡ್ಡಿಲ್ಲೆ, ನಿನ್ ಭುಜ, ಕೂತ್ಕಂಡಿತ್ತ್, ಅಷ್ಟೇ ಮಾತು, ಯಾಕೆ ಕೇಳಿದ ಮಾರಾಯ, ಈಗ ಯಾಕೆ ಕೇಳಿದ, ಕೇಳದೆ ಇದ್ದಿದ್ದರೆ. ಎಂಬತ್ತು. ಎಂಬತ್ತೈದು. ಕಾಲು ಸೀಸದ ಹಾಗೆ. ಎಂಬತ್ತೆಂಟು, ಕೀರ್ತನ್ ಎಡಗಡೆಯಿಂದ ನುಗ್ಗಿದ, ಇಬ್ಬರನ್ನು ದಾಟಿದ, ಮೂರನೆಯವನು ಕೆಸರಲ್ಲಿ ಜಾರುತ್ತ ಬಂದು ಚೆಂಡು ಸಿಗದೆ ಕಾಲಿಗೇ ಕೊಟ್ಟ, ಹುಡುಗ ಬಿದ್ದು ಎರಡು ಸುತ್ತು ಉರುಳಿದ, ಸೀಟಿ, ರೆಫ್ರಿಯ ಕೈ ನೆಲಕ್ಕೆ, ಪೆನಾಲ್ಟಿ — ಶೆಟ್ಟರು ಗೆರೆಯ ಹತ್ತಿರ ಬಂದು ಕೂಗುತ್ತಿದ್ದಾರೆ, ಕೀರ್ತಾ, ನೀನೇ ಹೊಡಿ, ಕೀರ್ತಾ, ಸರಿಯೇ, ಆರು ಗೋಲಿನವನು ಹೊಡೆಯಬೇಕು, ತೆಂಗಿನ ಮರಕ್ಕೆ ಹೊಡೆದವನಲ್ಲ, ಬದುಕಿದೆ ಅನ್ನಿಸಿತು, ಹುಡುಗ ಮಾಮೂಲಿ ಹೊಡೆಯುತ್ತಾನೆ, ಹೋದರೆ ಹೋಯಿತು, ಬಂದರೆ ಬಂತು, ತನ್ನ ಕೈ ಶುದ್ಧ, ಮಾತು ಶುದ್ಧ. ಕೀರ್ತನ್ ಎದ್ದು ಚೆಂಡು ಎತ್ತಿಕೊಂಡ, ಕುಂಟುತ್ತಾ ಬಂದ, ಬಂದು ಚೆಂಡನ್ನು ಜಿತ್ತುವಿನ ಹೊಟ್ಟೆಗೆ ಒತ್ತಿದ, ಜಿತ್ತಣ್ಣ, ನೀವ್ ಹೊಡಿನಿ, ನನ್ ಕಾಲ್ ನಡುಗ್ತಿತ್ತ್, ನಿಲ್ಲುಕೇ ಆತಿಲ್ಲೆ, ಮುಖ ಸಣ್ಣದಾಗಿ ಹೋಗಿದೆ, ಇಪ್ಪತ್ತು ವರ್ಷದ ಮುಖ ಹತ್ತು ವರ್ಷದ್ದಾಗಿದೆ, ಇವನಿಗೆ ಹೇಳಿಬಿಡಲೇ, ಗೋಲಿಯ ಎಡಕ್ಕೆ, ಮೇಲೆ, ಎರಡೇ ಮಾತು, ಹೇಳಲಿಲ್ಲ, ಚೆಂಡು ತೆಗೆದುಕೊಂಡ. ಒದ್ದೆ ಚೆಂಡು. ಎಷ್ಟು ಭಾರ.

ನೀರು ನಿಂತಿದೆ ಗುರುತಿನ ಮೇಲೆ, ಬೂಟಿನಲ್ಲಿ ಒರೆಸಿ ಚೆಂಡು ಇಟ್ಟ, ಜಾರಿತು, ಮತ್ತೆ ಇಟ್ಟ, ತಲೆ ಎತ್ತಿದರೆ ಹನ್ನೆರಡು ಗಜ ಆಚೆ ಸುಧೀರ, ಸರಿಯಾಗಿ ನಡುವಿನಲ್ಲಿ ಇಲ್ಲ, ಅರ್ಧ ಹೆಜ್ಜೆ ಅವನ ಎಡಕ್ಕೆ ಸರಿದು ನಿಂತಿದ್ದಾನೆ, ಅವನ ಬಲಗಡೆ ಅಷ್ಟು ಜಾಗ ಬಿಟ್ಟು, ಬಾ, ನಿನ್ನ ಮಾಮೂಲಿ ಬದಿಗೇ ಹೊಡಿ, ಮರಳಿನ ಮೇಲೆ ಹೊಡೆದ ಹಾಗೆ, ನನ್ನ ಒಳ್ಳೆಯ ಕೈ ಇರುವ ಕಡೆಗೆ, ಇಬ್ಬರೂ ನೆಟ್ಟಗೆ ನೋಡಿಕೊಳ್ಳೋಣ, ಹಿಡಿದರೆ ಹಿಡಿದೆ, ಬಿಟ್ಟರೆ ಬಿಟ್ಟೆ — ಹಾಗೆ ಅನ್ನುತ್ತಿದ್ದಾನಾ, ಅಥವಾ ನನಗೆ ಹಾಗೆ ಕಾಣುತ್ತಿದೆಯಾ, ಕಣ್ಣಿಗೆ ನೀರು ಇಳಿಯುತ್ತಿದೆ ಹಣೆಯಿಂದ. ಅವನ ಎಡ ಅಂದರೆ ನನ್ನ ಬಲ. ನನ್ನ ಬಲಕ್ಕೆ, ಮೇಲೆ ಹೊಡೆದರೆ ಮುಗಿಯಿತು, ಯಾವ ದೇವರೂ ಹಿಡಿಸುವುದಿಲ್ಲ. ಬಾಯಿ ಬಿಟ್ಟು ಹೇಳಿದರೆ ಮಾತು ಮುರಿದ ಹಾಗೆ, ಕಾಲಿಂದ ಹೊಡೆದರೆ ಮುರಿದ ಹಾಗಾ, ಯಾರಿಗೆ ಗೊತ್ತಾಗುತ್ತದೆ, ಗೋಲು ಹೊಡೆಯುವವನು ಗೋಲು ಹೊಡೆಯಬೇಕು, ಎಲ್ಲಿ ಜಾಗ ಇದೆಯೋ ಅಲ್ಲಿಗೆ, ಅದೇ ಅಲ್ಲವೇ ನನ್ನ ಕೆಲಸ, ಯಾವುದೇ ಗೋಲಿಯಾದರೂ ಯಾವುದೋ ಬದಿ ಕಡಿಮೆ ಇರುತ್ತಾನೆ, ಬೇರೆಯವನಾಗಿದ್ದರೆ ಎರಡು ಸಲ ಯೋಚಿಸುತ್ತಿದ್ದೆನಾ, ಬೇರೆಯವನಾಗಿದ್ದರೆ ಗೊತ್ತೇ ಇರುತ್ತಿರಲಿಲ್ಲ, ಗೊತ್ತಾದದ್ದು ಬೈಕಿನ ಹಿಂದೆ ಅವನು ನರಳುತ್ತ ನನ್ನ ಬೆನ್ನಿಗೆ ಹಣೆ ಒತ್ತಿಕೊಂಡಿದ್ದಕ್ಕೆ. ಮಾಮೂಲಿ ಬದಿಗೇ ಹೊಡೆಯುತ್ತೇನೆ. ಎಡಕ್ಕೆ, ನನ್ನ ಎಡಕ್ಕೆ, ಜೋರಾಗಿ. ಸೀಟಿ ಆಯಿತು. ಎಡಕ್ಕೆ. ಮೂರು ಹೆಜ್ಜೆ ಹಿಂದೆ ಹೋದ, ನಾಲ್ಕು, ಶೆಟ್ಟರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿರುವುದು ಕಾಣಿಸಿತು, ಓಡಿದ, ಎಡಕ್ಕೆ, ಬಲಗಾಲು ಹಿಂದಕ್ಕೆ ಹೋಯಿತು, ಎಡಕ್ಕೆ, ಮತ್ತು ಕಾಲು ಚೆಂಡಿಗೆ ತಾಗುವ ಆ ಒಂದು ಗಳಿಗೆಯಲ್ಲಿ ಪಾದ ತಾನಾಗಿ ತೆರೆದುಕೊಂಡಿತು, ತಾನಾಗಿ, ಇಲ್ಲ, ತಾನಾಗಿ ಅಲ್ಲ, ಪಾದಕ್ಕೆ ಏನು ಗೊತ್ತು, ನಾನೇ ತೆರೆದೆ. ಬಲಕ್ಕೆ, ಮೇಲೆ. ಅಷ್ಟು ಒಳ್ಳೆಯ ಹೊಡೆತ ಹದಿನಾಲ್ಕು ಗೋಲಿನ ವರ್ಷದಲ್ಲೂ ಹೊಡೆದಿರಲಿಲ್ಲ. ಸುಧೀರ ಆ ಬದಿಗೇ ಹಾರಿದ. ಅವನ ಬಲಕ್ಕಲ್ಲ, ಮಾಮೂಲಿ ಬದಿಗಲ್ಲ, ಚೆಂಡು ಹೋದ ಬದಿಗೇ, ಮೊದಲೇ, ಚೆಂಡಿಗಿಂತ ಮೊದಲೇ, ಕಾಲು ಅಲ್ಲಿಗೆ ಮುಟ್ಟಿತು, ಮೈ ಮುಟ್ಟಿತು, ಎಡಗೈ ಎದ್ದಿತು, ಭುಜದವರೆಗೆ ಎದ್ದಿತು, ಅಲ್ಲಿ ನಿಂತಿತು, ಐದೂ ಬೆರಳು ಬಿಡಿಸಿಕೊಂಡು ನಿಂತಿತು, ಚೆಂಡು ಅದರ ಮೇಲೆ ಒಂದು ಗೇಣು ಅಂತರದಲ್ಲಿ ಹೋಗಿ ಬಲೆಗೆ ಬಿತ್ತು.

ಆಮೇಲೆ ಯಾರು ಯಾರ ಮೇಲೆ ಬಿದ್ದರೋ, ಕೀರ್ತನ್ ಕುತ್ತಿಗೆಗೆ ಜೋತುಬಿದ್ದು ಅಳುತ್ತಿದ್ದ, ಜಿತ್ತಣ್ಣ, ಜಿತ್ತಣ್ಣ, ಕೆಸರು ಬಾಯಿಗೆ ಹೋಯಿತು, ಯಾರದ್ದೋ ಮೊಣಕೈ, ಯಾರದ್ದೋ ಹೊಟ್ಟೆ, ಅದರ ಸಂದಿನಿಂದ ಕಂಡಿತು, ಸುಧೀರ ಎಡಭುಜದ ಮೇಲೆಯೇ ಬಿದ್ದಿದ್ದಾನೆ, ಏಳುತ್ತಿಲ್ಲ. ಉಳಿದ ಎರಡು ನಿಮಿಷವನ್ನು ಬೇರೆ ಯಾರೋ ಗೋಲಿ ನಿಂತು ಮುಗಿಸಿದ, ಒಂದು ಒಂದು, ಅಳಿವೆ ಬ್ರದರ್ಸ್ ಉಳಿಯಿತು, ಶೆಟ್ಟರು ಟವೆಲಿನಿಂದ ತಲೆ ಒರೆಸುತ್ತ, ತಮ್ಮ ಮಗನಿಗೆ ಒರೆಸಿದ ಹಾಗೆ, ಸುಳ್ಳ, ಎರಡೂ ಬದಿ ಒಳ್ಳೇದ್ ಅಂದ್ಯಲ್ಲ, ನಗುತ್ತಿದ್ದರು, ಕಣ್ಣಲ್ಲಿ ನೀರು, ಅವರಿಗೆ ಗೊತ್ತಾಗಿದೆಯೋ ಇಲ್ಲವೋ. ಶಾಮಿಯಾನದ ಕೆಳಗಿನ ಇಬ್ಬರು ಎದ್ದರು, ಪುಸ್ತಕ ಮುಚ್ಚಿದರು, ಬ್ರಹ್ಮಾವರದವರ ಕೋಚ್ ಸುಧೀರನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ, ಮೊದ್ಲೇ ಪೆಟ್ಟಾದ್ದ್ ಹೇಳುಕ್ ಎಂತ ರೋಗ ನಿಂಗೆ, ಕೈ ಇಲ್ದವ ಗೋಲಿಗೆ ನಿಂತದ್ದಾ? ಸುಧೀರ ಕಂಬಕ್ಕೆ ಒರಗಿ ಕೂತಿದ್ದ, ಆಸ್ಪತ್ರೆಗೆ ಹೋಗಲು ಕಾರು ಬರಬೇಕಿತ್ತು, ಎಡಗೈಯನ್ನು ಬಲಗೈಯಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದುಕೊಂಡು, ಜಿತೇಂದ್ರ ಎದುರು ಹೋಗಿ ನಿಂತ, ಸುಧೀರಾ, ಅಂದ ಅಷ್ಟೇ, ಸುಧೀರ ತಲೆ ಎತ್ತಿ ನೋಡಿದ, ಸಿಟ್ಟಿರಲಿಲ್ಲ, ಸಿಟ್ಟಾದರೂ ಇರಬಾರದಿತ್ತೇ, ಒಳ್ಳೆ ಹೊಡ್ದೆ ಮಾರಾಯ, ನಾನಾದ್ರೂ ಅಲ್ಲಿಗೇ ಹೊಡಿತಿದ್ದೆ, ಹೋಗ್, ನಿನ್ ಹುಡ್ಗರ್ ಕಾಯ್ತಿದ್ರ್. ಹೋಗ್, ನಿನ್ ಹುಡ್ಗರ್. ಆರು ವರ್ಷ ಅವನ ಹುಡುಗರೂ ಆಗಿದ್ದವರು. ಮಿನಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದರು, ರಾಜನ ಹಾಗೆ, ಹಾಡು, ಶಿಳ್ಳೆ, ಸಾಸ್ತಾನ ಕಳೆಯಿತು, ಕೋಟ ಬಂತು, ಇನ್ನೂ ಬೆಳಕಿದೆ, ಮೀನು ಮಾರ್ಕೆಟ್ಟಿನ ಎದುರು ಬಸ್ಸು ನಿಲ್ಲಿಸಿ ಹುಡುಗರು ಇಳಿದು ಪಟಾಕಿ ಹೊಡೆದರು, ಫೋನು ಕಿಸೆಯಲ್ಲಿ ನಡುಗಿತು, ಅಬ್ಬಿ, ಹೊಡ್ದ್ಯಂಬ್ರಲ್ಲ ಮಗಾ, ಎಲ್ರೂ ಹೇಳ್ತ್ರ್, ನಾ ಬೆಳಿಗ್ಗೆಯಿಂದ ಬಾಯಿಗ್ ನೀರೂ ಹಾಕ್ಲಿಲ್ಲೆ, ಅವಳ ಧ್ವನಿಯಲ್ಲಿ ಮೂರು ವರ್ಷದ ಹಿಂದಿನ ಬೆರಳುಗಳು, ಹ್ಞೂಂ ಅಬ್ಬಿ, ಅಂದ, ಕಾಣೆಮೀನ್ ಸಿಕ್ಕಿತ್ತ್, ಗಸಿ ಮಾಡಿದ್ದೆ, ಸುಧೀರನೂ ಅಲ್ಲೇ ಇದ್ದ ಅಲ್ದಾ, ಅವ್ನನ್ನೂ ಕರ್ಕಂಡ್ ಬಾ, ಸೋತ್ರೆಂತ, ನಿನ್ನ ಕಾಲ್ ಎಬ್ಸಿ ಕೊಟ್ಟವ ಅವ, ಇಬ್ರಿಗೂ ಆಪಷ್ಟ್ ಇತ್ತ್, ಕರ್ಕಂಡ್ ಬತ್ಯಾ, ಮಗಾ, ಕೇಳ್ತಾ — ಹ್ಞೂಂ ಅಂದ, ಏನಕ್ಕೆ ಹ್ಞೂಂ ಅಂದ, ಫೋನು ಇಟ್ಟ. ಬಸ್ಸು ಹೊರಟಿತು. ಗೋಲು ಹೊಡೆದ, ಟೀಮು ಉಳಿಯಿತು, ಹೆಸರು ಬರೆಯುತ್ತಾರೆ ಮುಂದಿನ ವರ್ಷ, ಎಲ್ಲ ಸರಿಯಾಯಿತು, ಬೇಕಾದದ್ದೆಲ್ಲ ಬಂತು, ಒಂದೇ ಒಂದು, ಅರ್ಧ ಹೆಜ್ಜೆ ಎಡಕ್ಕೆ ಯಾಕೆ ನಿಂತಿದ್ದ, ಅವನ ಬಲಕ್ಕೆ ಕರೆಯುತ್ತಿದ್ದಾನೆ ಅಂದುಕೊಂಡೆನಲ್ಲ, ಕರೆಯುತ್ತಿರಲಿಲ್ಲ, ಕಾಯುತ್ತಿದ್ದ, ನಾನು ಆ ನೋವಿನ ಬದಿಗೇ ಹೊಡೆಯುತ್ತೇನೆ ಅಂತ ನನಗಿಂತ ಮೊದಲೇ ಅವನಿಗೆ ಗೊತ್ತಿತ್ತು, ಮರಳಿನ ಮೇಲೆ ಸಾವಿರ ಸಲ ನೋಡಿದವನಿಗೆ ನನ್ನ ಕಾಲು ಗೊತ್ತಿತ್ತು, ನಾನು ಎಂಥವನು ಅಂತ ಗೊತ್ತಿತ್ತು, ಗೊತ್ತಿದ್ದೂ ಆ ಬದಿಗೇ ಹಾರಿದ, ಆ ಕೈಯನ್ನೇ ಎತ್ತಿದ — ಕೈ ಎದ್ದಿತು, ಭುಜದವರೆಗೆ — ಪಕ್ಕದವನು ಏನೋ ಕೇಳುತ್ತಿದ್ದಾನೆ, ಜಿತ್ತಣ್ಣ, ಆ ಮೂಲಿಗೇ ಹೊಡೀಕ್ ಅಂತ ಹ್ಯಾಂಗೆ ಗೊತ್ತಾಯ್ತ್ — ಕೈ ಎದ್ದಿತು, ಕೋಟೇಶ್ವರದ ದೀಪಗಳು — ಭುಜದವರೆಗೆ, ಅಲ್ಲಿ ನಿಂತಿತು, ಬೆರಳು ಬಿಡಿಸಿಕೊಂಡು — ಎದ್ದಿತು — ಅಲ್ಲಿ — ಐದೂ ಬೆರಳು —